ಇಂಗ್ಲೆಂಡಿನಿಂದ ಬಂದ ಕೊನೆಯ ಸಂಚಿಕೆ

೧೯೮೬ರಲ್ಲಿ ನಾನು ಮಸ್ಕಿಯಲ್ಲಿ ಸಬ್ ಪೋಸ್ಟ್ ಮಾಸ್ಟರ್ ಆಗಿದ್ದೆ. ಮಳೆಗಾಲದ ಒಂದು ದಿನ ಟಪಾಲು ಚೀಲದಲ್ಲಿ ಇಂಗ್ಲೆಂಡಿನ ಬುಕ್ ಪೋಸ್ಟ್ ಒಂದು ಬಂತು. ವಿಳಾಸ ನೆನೆದು, 'ಮಸ್ಕಿ, ರಾಯಚೂರು' ಎಂಬುದಷ್ಟೇ ಉಳಿದಿತ್ತು.

ಬುಕ್ ಪೋಸ್ಟಿನ ಬಾಯಿ ಅಂಟಿಸುವಂತಿಲ್ಲ, ತೆರೆದೇ ಇರುತ್ತದೆ. ಇಣುಕಿದರೆ ಒಳಗೆ ಕೈಯಂತ್ರದಲ್ಲಿ ಸೈಕ್ಲೋಸ್ಟೈಲ್ ಮಾಡಿ ಪಿನ್ ಹೊಡೆದ ಹಾಳೆಗಳು, ತುಂಬ ಚಿತ್ರಗಳು. ಅದಕ್ಕೆ ಫ್ಯಾನ್‌ಜೀನ್ ಎನ್ನುತ್ತಾರೆಂದು ಮುಂದೆ ತಿಳಿಯಿತು. ಕಾಮಿಕ್ಸ್ ಹುಚ್ಚಿನ ಓದುಗರೇ ಬರೆದು, ತಾವೇ ಅಚ್ಚು ಹಾಕಿ ಹಂಚಿಕೊಳ್ಳುವ ಪತ್ರಿಕೆ.

ವಾರಸುದಾರರು ಸಿಗದ ಟಪಾಲನ್ನು ಏಳು ದಿನ ಇಟ್ಟುಕೊಂಡು ವಾಪಸು ಕಳಿಸಬೇಕು. ಆರನೆಯ ದಿನ ಹಳೆಯ ರಿಜಿಸ್ಟರ್ ರಸೀದಿಗಳನ್ನು ತಿರುವಿದೆ. ಎರಡು ವರ್ಷದ ಹಿಂದಿನ ಒಂದೇ ಒಂದು ರಸೀದಿಯಲ್ಲಿ 'ಇಂಗ್ಲೆಂಡ್' ಎಂದಿತ್ತು. ಗುಮಾಸ್ತ ವಿರೂಪಣ್ಣ ಅದನ್ನು ನೋಡಿ, "ಬಳಗಾನೂರು ಬಸಮ್ಮ ಟೀಚರ್ ಹಾಕಿದ್ದು ಸಾಹೇಬ್ರ. ಎಷ್ಟು ದಿನಕ್ಕ ಮುಟ್ಟತೈತಂತ ಮೂರು ಸಲ ಕೇಳಿದ್ರು" ಎಂದ.

ಮರುದಿನ ಭಾನುವಾರ. ಖಾತ್ರಿ ಮಾಡಿಕೊಳ್ಳದೆ ಕೊಡುವಂತಿಲ್ಲವೆಂದು ನಾನೇ ಬಳಗಾನೂರಿನ ಬಸ್ ಹತ್ತಿದೆ. ನಾಟಿಯ ಗದ್ದೆಗಳಲ್ಲಿ ನೀರು ನಿಂತು ಮೋಡಗಳೆಲ್ಲ ಕೆಳಗಿಳಿದಿದ್ದವು. ಬಸ್ಸು ಆಕಾಶದ ನಡುವೆ ಹೋಗುತ್ತಿದೆ ಅನ್ನಿಸಿತು.

ಬಸಮ್ಮನವರಿಗೆ ನಲವತ್ತರ ಆಸುಪಾಸು. ಸಿಂಧನೂರಿನ ರದ್ದಿ ಅಂಗಡಿಯಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಕಾಮಿಕ್ಸ್ ಒಂದರಲ್ಲಿ ಈ ಪತ್ರಿಕೆಯ ವಿಳಾಸ ಕಂಡು, ತಾವು ಬರೆದ ಚಿತ್ರವೊಂದನ್ನು ಕಳಿಸಿದ್ದರಂತೆ. ಕವರಿನ ಮೇಲಿನ ಇಂಗ್ಲೆಂಡಿನ ಅಂಚೆಚೀಟಿ ನೋಡಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಮುಟ್ಟೇ ಇಲ್ಲಂತ ತಿಳ್ಕೊಂಡಿದ್ದೆರೀ."

ಮುಖಪುಟದಲ್ಲಿ ಅವರದೇ ಚಿತ್ರವಿತ್ತು. ಕಚ್ಚೆ ಹಾಕಿದ ಹೆಂಗಸೊಬ್ಬಳು ಕಾಲುವೆಯ ಮೇಲೆ ಹಾರುತ್ತಿದ್ದಳು, ಕೆಳಗೆ ನಾಟಿ ಮಾಡುವವರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಒಳಪುಟದ ಸಂಪಾದಕೀಯವನ್ನು ಅವರು ನಿಧಾನವಾಗಿ ಓದಿದರು. ಹನ್ನೆರಡು ವರ್ಷ ನಡೆಸಿದೆ, ಕೈ ಸೋತಿದೆ, ಇದೇ ಕೊನೆಯ ಸಂಚಿಕೆ ಎಂದು ಸಂಪಾದಕರು ಬರೆದಿದ್ದರು.

ಓದಿ ಮುಗಿಸಿ ಮತ್ತೆ ಮುಖಪುಟಕ್ಕೆ ತಿರುವಿದರು. ಆಮೇಲೆ ಅವರು ಹೇಳಿದರು: "ಅವ್ರು ನಿಲ್ಲಿಸಿದ್ರ ನಾ ಚಾಲೂ ಮಾಡ್ತೀನ್ರಿ. ಕನ್ನಡದಾಗ."

ಹೇಳಿದಂತೆ ಮಾಡಿದರು. ಸ್ಟೆನ್ಸಿಲ್ ಹಾಳೆಯ ಮೇಲೆ ಚಿತ್ರ ಕೊರೆದು, ಲಿಂಗಸುಗೂರಿನಲ್ಲಿ ಸೈಕ್ಲೋಸ್ಟೈಲ್ ಮಾಡಿಸಿ, ನಲವತ್ತು ಪ್ರತಿ ತಂದರು. ಟಪಾಲಿಗೆ ಹಾಕುವಾಗ ನಾನೇ ಅಂಚೆ ಮುದ್ರೆ ಹೊಡೆದೆ. ಒಂದು ಪ್ರತಿ ಇಂಗ್ಲೆಂಡಿಗೂ ಹೋಯಿತು. ನಾಲ್ಕು ತಿಂಗಳಿಗೆ ಉತ್ತರ ಬಂತು. ಬಸಮ್ಮ ಕೌಂಟರಿನ ಮುಂದೆ ನಿಂತೇ ಓದಿ ಕನ್ನಡದಲ್ಲಿ ಹೇಳಿದರು: "ಒಂದಕ್ಷರ ತಿಳಿಲಿಲ್ಲಂತ್ರಿ. ಆದ್ರ ಸಂಜೀತನ ಹಾಳಿ ತಿರುವಿಕೋತ ಕುಂತಿದ್ರಂತ."

ಬಸಮ್ಮನವರ ಪತ್ರಿಕೆ ೧೯೯೩ರವರೆಗೆ ನಡೆಯಿತು, ಹನ್ನೊಂದು ಸಂಚಿಕೆ. 'ವಾರಸುದಾರರಿಲ್ಲ' ಎಂಬ ಮುದ್ರೆ ಒತ್ತಲು ಅರೆಕ್ಷಣ ಸಾಕು. ಆದರೆ ಒತ್ತುವ ಮೊದಲು ಊರಿನಲ್ಲಿ ಇನ್ನೊಬ್ಬರನ್ನು ಕೇಳಬೇಕು. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟೇ.