ಅಕ್ಕೋರು ಓಡುವುದನ್ನು ಬಿಟ್ಟ ವರ್ಷ

ಮೊನ್ನೆ ಸೊಸೆ ನನ್ನ ಬೆನ್ನಿಗೆ ಹಚ್ಚಲೆಂದು ಎಣ್ಣೆಯಲ್ಲಿ ಕರ್ಪೂರ ಹಾಕಿ ಕಾಯಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುದ್ದೇಬಿಹಾಳದ ನಮ್ಮ ಓಣಿಯ ಅಕ್ಕೋರು ಕಣ್ಮುಂದೆ ಬಂದರು... ಕಟ್ಟೆಯ ಮೇಲೆ ಎಡಗಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

ಎಪ್ಪತ್ತರ ದಶಕದ ಮಾತು. ಅವರು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಅದಕ್ಕೇ ಊರಿಗೆಲ್ಲ ಅಕ್ಕೋರು. ತಾಯಿಯೊಡನೆ ನಮ್ಮ ಗೋಡೆಗೆ ಹೊಂದಿದ ಮನೆಯಲ್ಲಿದ್ದರು. ನಸುಕಿನಲ್ಲಿ ಸೀರೆಗೆ ಕಚ್ಚೆ ಹಾಕಿ ನಾಲತವಾಡದ ರಸ್ತೆಯಲ್ಲಿ ಓಡುತ್ತಿದ್ದರು. ಯಾವ ಬಹುಮಾನಕ್ಕೂ ಅಲ್ಲ. ಓಡಿ ಬಂದ ದಿನ ಅವರ ಮುಖದ ಕಳೆಯೇ ಬೇರೆ ಇರುತ್ತಿತ್ತು. ಅವರ ಜೊತೆಗೆ ಹೈಸ್ಕೂಲು ಹುಡುಗಿಯಾಗಿದ್ದ ನಾನೂ ಗಂಡುಮಕ್ಕಳ ಶಾಲೆಯ ಡ್ರಿಲ್ ಮಾಸ್ತರರೂ ಓಡುತ್ತಿದ್ದೆವು.

ಒಂದು ಸುಗ್ಗಿಯ ಹೊತ್ತಿಗೆ ಅಕ್ಕೋರು, ಮಾಸ್ತರರು ಇಬ್ಬರಿಗೂ ಮೊಣಕಾಲು ನೋವು ಹಿಡಿಯಿತು. ನೋವು ಒಂದೇ, ಓಡುವ ರೀತಿ ಬೇರೆ. ಮಾಸ್ತರರ ಮೊಣಕಾಲು ನೆಟ್ಟಗೆ ಮುಂದಕ್ಕೆ ಹೋಗುತ್ತಿತ್ತು. ಅಕ್ಕೋರು ಹೆಜ್ಜೆ ಊರಿದಾಗ ಸೊಂಟ ಒಂದು ಕಡೆ ಇಳಿದು, ಮೊಣಕಾಲು ಒಳಕ್ಕೆ ವಾಲುತ್ತಿತ್ತು. ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ, ನನ್ನ ಹಾಗೆ ದೊಡ್ಡ ಹೆಜ್ಜೆ ಹಾಕಿರಿ ಎಂದರು. ಅಕ್ಕೋರು ಹಾಕಿದರು. ನೋವು ಹೆಚ್ಚಾಯಿತು.

ಒಂದು ದಿನ ಅಕ್ಕೋರು ನನ್ನನ್ನು ಮುಂದೆ ಓಡಲು ಬಿಟ್ಟು ಹಿಂದಿನಿಂದ ನೋಡಿದರು. “ನಿನ್ನ ಮೊಣಕಾಲೂ ನನ್ನಂಗ ಒಳಗ ಬೀಳ್ತೈತಿ. ನಾವು ಅವರಂಗ ಓಡಿದ್ರ ಆಗೂದಿಲ್ಲ, ನಮ್ದ ಬ್ಯಾರೆ ಐತಿ,” ಎಂದರು. ಆದರೆ ಆ ಬೇರೆ ಓಟ ಹೇಗಿರಬೇಕೆಂದು ಕೇಳಲು ಅವರಿಗೂ ಯಾರೂ ಇರಲಿಲ್ಲ.

ಕೊನೆಗೆ ಇಬ್ಬರೂ ಡಾಕ್ಟರರ ಹತ್ತಿರ ಹೋದರು. ಮಾಸ್ತರರಿಗೆ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಂಡು ಮತ್ತೆ ಓಡಲು ಹೇಳಿದರಂತೆ. ಅಕ್ಕೋರಿಗೆ ಹೇಳಿದ್ದು ಇಷ್ಟೇ: “ಹೆಣ್ಮಕ್ಕಳ ಕಾಲು ಓಡಾಕ ಅಲ್ರಿ ಅಕ್ಕೋರ. ಬಿಟ್ಟಬಿಡ್ರಿ.”

ಅಕ್ಕೋರು ಬಿಟ್ಟರು. ಮಾಸ್ತರರು ವಾಸಿಯಾಗಿ ಮತ್ತೆ ಓಡತೊಡಗಿದಾಗ ನಮ್ಮ ಓಣಿಯಿಂದಲೇ ಹೋಗುತ್ತಿದ್ದರು. ಆ ಹೆಜ್ಜೆಯ ಸಪ್ಪಳ ಕೇಳಿದರೆ ಅಕ್ಕೋರು ಅಂಗಳ ಗುಡಿಸುವುದನ್ನು ನಿಲ್ಲಿಸಿ ಒಳಗೆ ಹೋಗಿಬಿಡುತ್ತಿದ್ದರು... ಮುಂದೆ ಅವರಿಗೆ ಸಿಂದಗಿಗೆ ವರ್ಗವಾಯಿತು.

ನನ್ನ ಮದುವೆಯಾದ ಮೇಲೆ ಒಮ್ಮೆ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮೈ ಭಾರವಾಗಿತ್ತು. ಈಗಲೂ ಓಡುತ್ತೀಯೇನು ಎಂದು ಕೇಳಿದರು. ಮದುವೆಯಾದ ಮೇಲೆ ಬಿಟ್ಟೆ ಎಂದೆ.

“ಮೊಣಕಾಲು ನೋಯ್ತಾವೇನು?”

“ಇಲ್ರಿ.”

“ಮತ್ಯಾಕ ಬಿಟ್ಟಿ?”

ಅಷ್ಟರಲ್ಲಿ ಸಿಂದಗಿ ಬಸ್ಸು ಬಂತು. ಅಕ್ಕೋರು ಎರಡೂ ಕೈಯಿಂದ ಸರಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಹೋದರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಈಗ ನಮ್ಮ ಮನೆಯೆದುರಿನ ಮೈದಾನದಲ್ಲಿ ಬೆಳಿಗ್ಗೆ ಹುಡುಗಿಯರು ಓಡುತ್ತಾರೆ. ಯಾರದಾದರೂ ಮೊಣಕಾಲು ಒಳಗೆ ವಾಲಿದರೆ ಅವರ ಟೀಚರ್ ತಡೆದು ನಿಲ್ಲಿಸಿ, ಸೊಂಟ ಗಟ್ಟಿಯಾಗಲು ವ್ಯಾಯಾಮ ಹೇಳಿಕೊಡುತ್ತಾಳೆ. ಹೆಜ್ಜೆ ಚಿಕ್ಕದು ಮಾಡಿಸಿ ಮತ್ತೆ ಓಡಿಸುತ್ತಾಳೆ. ಬಾಗಿಲಲ್ಲಿ ನಿಂತು ನೋಡುತ್ತೇನೆ. ಇಷ್ಟೇ ಮಾತು... ಅಕ್ಕೋರಿಗೆ ಅದನ್ನು ಹೇಳುವವರು ಆಗ ಯಾರೂ ಇರಲಿಲ್ಲ.