ಫೋಟೋದ ಹಿಂದೆ ನಿಂತವರು

ಪ್ರವಾಸಿಗರ ಸಂಘದವರು ದೇಶದೇಶ ಸುತ್ತಿ ತಂದ ಫೋಟೋಗಳನ್ನು ಪ್ರದರ್ಶನಕ್ಕೆ ಚೊಕ್ಕ ಮಾಡುವುದು ಸ್ಟುಡಿಯೋ ಅಕ್ಕನ ಕೆಲಸ. ಊರ ಗಡಿಯನ್ನೇ ದಾಟದ ಅವಳು ಎಷ್ಟೋ ದೇಶಗಳ ಜನರನ್ನು ಅಳಿಸಿದ್ದಾಳೆ.

"ಹಿಂದೆ ನಿಂತಿರೋರನ್ನೆಲ್ಲ ತೆಗೆದುಬಿಡಿ ಅಕ್ಕಾ. ಸೇತುವೆ, ನಾನು, ಇಬ್ರೇ ಇರ್ಬೇಕು," ಎಂದ ಸಂಘದ ಕಾರ್ಯದರ್ಶಿ.

ಅವಳು ಚಿತ್ರವನ್ನು ಹಿಗ್ಗಿಸಿದಳು. ಸೇತುವೆಯ ಕಂಬಿಗೆ ಒರಗಿದ್ದವನು ದುಡಿಯಲು ಹೋಗಿ ಏಳು ವರ್ಷದಿಂದ ಸುದ್ದಿಯೇ ಇಲ್ಲದ ಅವಳ ಗಂಡ. ಬದುಕಿದ್ದಾನೋ ಇಲ್ಲವೋ ಎಂದು ಇವಳು ಕೊರಗಿದ್ದೇ ಬಂತು. ಪುಣ್ಯಾತ್ಮ ಗುಂಡುಕಲ್ಲಿನ ಹಾಗಿದ್ದ. ಹೆಗಲ ಮೇಲೊಂದು ಮಗು, ತೋಳಿಗೆ ಜೋತುಬಿದ್ದ ಹೆಂಗಸು.

ಮೊದಲು ಹೆಂಗಸನ್ನು ಅಳಿಸಿದಳು. ಮಗುವಿನ ಹತ್ತಿರ ಕೈ ತಡೆಯಿತು, ಅದನ್ನೂ ಅಳಿಸಿದಳು. ಕೊನೆಗೆ ಗಂಡನ ಜಾಗಕ್ಕೆ ಪಕ್ಕದ ಕಂಬಿಯನ್ನೇ ತಂದು ತುಂಬಿದಳು.

"ಭಲೇ! ಅಲ್ಲಿ ಯಾರೂ ಇರ್ಲೇ ಇಲ್ಲ ಅನ್ನೋ ಹಾಗಿದೆ," ಎಂದ ಕಾರ್ಯದರ್ಶಿ.

"ಏಳು ವರ್ಷದಿಂದ ಇರ್ಲಿಲ್ಲ ಬಿಡಿ," ಎಂದಳು ಅಕ್ಕ.