ಗೌರಿಗೆ ಹೇಳಿದ ಒಂದ ಮಾತು

ಸ್ಟೆತಸ್ಕೋಪ್ ಕಿವ್ಯಾಗ ಇತ್ತು. ಢವಢವ ಅಂತಿದ್ದ ಗೌರಿ ಎದಿ ನೋಡ್‌ನೋಡ್ತಾನ ಸರ್ರ್ ಅಂತ ಇಳೀತು.

ಇದು ಸಾಧ್ಯನ ಇಲ್ಲ ಅನ್ನಿಸ್ತು ನೋಡ್ರಿ. ಯಾರೋ ಏನೋ ಚುಚ್ಯಾರ!

ನಾನು ಪಶು ಡಾಕ್ಟರ್. ಕುಷ್ಟಗಿಯಿಂದ ಯಲಬುರ್ಗಾಕ್ಕ ದೂರದ ಕುದುರಿ ಓಟ ಇಟ್ಟಿದ್ರು, ತಪಾಸಣಿ ನಂದು. ಓಡಿ ಬಂದ ಕುದುರಿ ಎದಿಬಡಿತ ಹೇಳಿದ ಟೈಮಿನೊಳಗ ಇಳೀಬೇಕು, ಇಲ್ಲಂದ್ರ ಔಟ್.

ಅದಕ್ಕ ಕೆಲವರು ಕದ್ದು ಮುಚ್ಚಿ ಎದಿಬಡಿತ ಇಳಿಸೋ ಇಂಜೆಕ್ಷನ್ ಹಾಕ್ತಾರ. ಅಂಥಾ ಕುದುರಿ ನಿಂತಲ್ಲೇ ಕುಸಿದು ಸತ್ತದ್ದನ್ನ ಕಂಡಾಕಿ ನಾನು. ಹಂಗಾಗಿ ಯಾರನ್ನೂ ಸುಮ್ಮನ ನಂಬೂದಿಲ್ಲ.

ಗೌರಿ ಯಮನೂರಪ್ಪನ ಕುದುರಿ. ಗಂಗಾವತ್ಯಾಗ ಟಾಂಗಾ ಹೊಡೀತಿದ್ದ ಮನಷ್ಯಾ. ನಡುದಾರಿ ತಪಾಸಣ್ಯಾಗ ಗೌರಿ ಎದಿ ಇಳೀಲಾರದ, ಔಟ್ ಆಗೋದು ಸ್ವಲ್ಪದರಾಗ ತಪ್ಪಿತ್ತು. ಅಂಥಾದ್ದು ಯಲಬುರ್ಗಾಕ್ಕ ಎಲ್ಲಾರಕಿಂತ ಮೊದಲ ಬಂದು, ಇಷ್ಟು ಲಗೂನ ಇಳೀತಂದ್ರ...?

ಎರಡನೇದಾಗಿ ಬಂದವರು ಇಂಜೆಕ್ಷನ್ ಹಾಕ್ಯಾನ ಅಂತ ಗದ್ದಲ ಎಬ್ಬಿಸಿದ್ರು. ಗೆದ್ದದ್ದು ಹೋಗ್ಲಿ, ಅಷ್ಟು ಮಂದ್ಯಾಗ ಯಮನೂರಪ್ಪನ ಮಾನ ಹೋಗೂದಿತ್ತು.

ಏನ್ ಕೊಟ್ಟಿ ಯಜಮಾನ, ಖರೇ ಹೇಳು ಅಂದೆ. ಏನೂ ಇಲ್ರಿ, ಮನಿ ಬಂತು ಅಂತ ಹೇಳೇನಿ ಅಷ್ಟ ಅಂದ. ಸಂಜಿಮುಂದ ಗೌರಿನ್ನ ಟಾಂಗಾದಿಂದ ಬಿಚ್ಚುವಾಗ ದಿನಾ ಹಂಗ ಹೇಳ್ತಿದ್ನಂತ, ಇವತ್ತಿನ ಓಟ ಮುಗೀತು ಅಂತ ಅದಕ್ಕ ತಿಳೀತಿತ್ತಂತ.

ನನಗ ಸಿಟ್ಟು ಬಂತು. ಯಾರ ಕಿವಿ ಮ್ಯಾಲೆ ಹೂವು ಇಡ್ತಾನ ಇಂವ?

ಒಬ್ಬರಿಗೆ ಖಾಲಿ ಡಬ್ಬಿ ಧಡ್ ಅಂತ ಬಡೀಲಿಕ್ಕೆ ಹೇಳಿ, ಗೌರಿ ಎದಿಗೆ ಮತ್ತ ಸ್ಟೆತಸ್ಕೋಪ್ ಇಟ್ಟೆ. ಔಷಧಿ ಹಾಕಿದ ಎದಿ ಹೆದರಿದ್ರೂ ಅಷ್ಟು ಏರೂದಿಲ್ಲ. ಇದರದು ಒಮ್ಮಿಗೇ ಢವಢವ ಅಂತ ಏರಿತು.

ಯಮನೂರಪ್ಪ ಅದರ ಹಣಿಗೆ ಹಣಿ ಹಚ್ಚಿ ಸಣ್ಣಗೆ ಅಂದ.

"ಮನಿ ಬಂತವಾ ಗೌರಿ."

ಇಳೀತು... ನನ್ನ ಕಿವ್ಯಾಗನ ಇಳೀತು. ಈಗ ಬರೀತಿದ್ರೂ ಮೈ ಜುಮ್ ಅಂತೈತಿ. ರಕ್ತ ಲ್ಯಾಬಿಗೂ ಕಳಿಸಿದ್ವಿ, ಆಮ್ಯಾಲೆ ಬಂದ ವರದ್ಯಾಗ ಯಾವ ಔಷಧೀನೂ ಸಿಗಲಿಲ್ಲ.

ಆ ದಿನ ಎಲ್ಲಾ ಮುಗಿದು ಯಮನೂರಪ್ಪ ಹೋಗುಮುಂದ ಕೇಳಿದೆ. ಅಲ್ಲೋ ಮಾರಾಯ, ನಡುದಾರ್ಯಾಗ ಔಟ್ ಆಗೋ ಹೊತ್ತು ಬಂದಿತ್ತು, ಅವಾಗ ಯಾಕ ಹೇಳಲಿಲ್ಲ ಈ ಮಾತು?

"ಅವಾಗ ಮನಿ ಬಂದಿರ್ಲಿಲ್ಲಲ್ರಿ ಮೇಡಂ. ಇನ್ನಾ ಓಡೂದಿತ್ತು."

ಸೋತ್ರೂ ಅಡ್ಡಿಲ್ಲ, ಕುದುರಿಗೆ ಸುಳ್ಳು ಹೇಳಲಾರೆ ಅನ್ನೋ ಇಂಥಾ ಮನಷ್ಯಾನ್ನ ನೀವು ಎಲ್ಲ್ಯರ ಕಂಡೀರೇನ್ರಿ?